ದಪ್ಪ ಎಣ್ಣೆ ಹಾಕಿದಷ್ಟೂ ಸವೆತ ಕಡಿಮೆಯಾಗುವುದೇ?

ಪ್ರಶ್ನೆ (ಮಲ್ಪೆ):
ನಮ್ಮ ಟ್ರಾಲ್ ಬೋಟಿನ ಎಂಜಿನ್ನಿಗೆ ಎಣ್ಣೆಯನ್ನೂ, ಬಲೆ ಎಳೆಯುವ ವಿಂಚಿನಲ್ಲಿ ಶಾಫ್ಟ್ ಎಂಬ ತಿರುಗುವ ದಂಡವನ್ನು ಸುತ್ತ ಹಿಡಿದಿಡುವ ಬುಷ್‌ಗಳಿಗೆ ಗ್ರೀಸನ್ನೂ ಬಳಸುತ್ತೇವೆ. ಅಷ್ಟೊಂದು ಭಾರ ಬಿದ್ದರೂ ಶಾಫ್ಟಿನಡಿಯ ತೆಳುವಾದ ಎಣ್ಣೆ ಹಿಂಡಿ ಹೋಗದೆ ಉಳಿಯುವುದು ಹೇಗೆ? ಎಣ್ಣೆ ದಪ್ಪವಿದ್ದಷ್ಟೂ ಒಳ್ಳೆಯದೆಂದು ಬಂದರಿನಲ್ಲಿ ಹಲವರು ಹೇಳುತ್ತಾರೆ. ಅದು ಸರಿಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೈಕಂಪಾಡಿ):
ಎಷ್ಟೇ ನುಣುಪಾಗಿಸಿದರೂ ಲೋಹದ ಮೈಯಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗುಗಳು ಉಳಿದೇ ಇರುತ್ತವೆ. ಅವು ಪರಸ್ಪರ ಉಜ್ಜಿದಾಗಲೇ ಶಾಖವೂ ಸವೆತವೂ ಹುಟ್ಟುತ್ತವೆ. ಅವುಗಳನ್ನು ಬೇರ್ಪಡಿಸುವ ಬಲ ಬರುವುದು ಶಾಫ್ಟಿನ ತಿರುಗುವಿಕೆಯಿಂದಲೇ. ಭಾರದಿಂದಾಗಿ ಶಾಫ್ಟ್ ಬುಷ್‌ನ ನಡುವಿನಲ್ಲಿ ನಿಲ್ಲದೆ ಒಂದು ಬದಿಗೆ ಸರಿದಿರುವುದರಿಂದ ಅಲ್ಲಿ ಬರಬರುತ್ತಾ ಕಿರಿದಾಗುವ ಸಂದು ಏರ್ಪಡುತ್ತದೆ. ತಿರುಗುವ ಶಾಫ್ಟ್ ತನ್ನ ಮೈಗಂಟಿದ ಎಣ್ಣೆಯನ್ನು ಆ ಸಂದಿನೊಳಕ್ಕೆ ಎಳೆದೊಯ್ಯುವಾಗ ಉಂಟಾಗುವ ಒತ್ತಡವು ಶಾಫ್ಟನ್ನೇ ಎತ್ತಿ ಹಿಡಿಯುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಬೀಚಮ್ ಟವರ್ ಬೇರಿಂಗ್‌ಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಎಣ್ಣೆಯ ರಂಧ್ರಕ್ಕೆ ಜಡಿದ ಬೆಣೆ ಈ ಒತ್ತಡಕ್ಕೆ ತಾನಾಗಿ ಹೊರಬರುತ್ತಿತ್ತು. 1883ರಲ್ಲಿ ವರದಿಯಾದ ಈ ವಿಸ್ಮಯಕ್ಕೆ 1886ರಲ್ಲಿ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದ ವಿವರಣೆ ಕೊಟ್ಟರು. ನನ್ನ ದೃಷ್ಟಿಯಲ್ಲಿ ಇಡೀ ಯಂತ್ರಶಾಸ್ತ್ರದಲ್ಲಿಯೇ ಇಷ್ಟು ಸುಂದರವಾದ ಸಂಗತಿ ಅಪರೂಪ.

ಉತ್ತರ (ಉಡುಪಿ):
ಮೇಲಿನ ವಿವರಣೆ ಎಂಜಿನ್ನಿಗೆ ಪೂರ್ತಿಯಾಗಿ ಹೊಂದುತ್ತದೆ. ಆದರೆ ವಿಂಚ್ ನಿಧಾನವಾಗಿ, ನಿಂತು ನಿಂತು, ಭಾರೀ ಎಳೆತದಲ್ಲಿ ತಿರುಗುವುದರಿಂದ ಅಲ್ಲಿ ಎಣ್ಣೆಯ ಪೂರ್ಣ ಪದರ ನಿಲ್ಲುವುದು ಕಷ್ಟ; ಗ್ರೀಸಿನಲ್ಲಿರುವ, ಲೋಹಕ್ಕೆ ಅಂಟಿಕೊಳ್ಳುವ ರಾಸಾಯನಿಕಗಳೇ ಅಲ್ಲಿನ ರಕ್ಷಣೆ. ಸಾಬೂನಿನ ಜಾಲದಲ್ಲಿ ಎಣ್ಣೆಯನ್ನು ಹಿಡಿದಿಡುವ ಗ್ರೀಸ್ ಜಾರಿ ಹೋಗದೆ ಸ್ಥಳದಲ್ಲೇ ಉಳಿಯುವುದು ಇನ್ನೊಂದು ಅನುಕೂಲ. ಉಪ್ಪುನೀರು ಬೀಳುವ ಕಡೆ ಸೋಡಿಯಂ ಸಾಬೂನಿನ ಗ್ರೀಸ್ ಬಳಸಲೇಬಾರದು, ಅದು ನೀರಿನಲ್ಲಿ ಕರಗುತ್ತದೆ. ಕ್ಯಾಲ್ಸಿಯಂ ಸಾಬೂನಿನ ಗ್ರೀಸ್ ನೀರನ್ನು ಚೆನ್ನಾಗಿ ತಡೆಯುತ್ತದೆ. ಗ್ರೀಸ್ ಗನ್ನಿನಿಂದ ತುಂಬುವಾಗ ನೀರು ಬೆರೆತ ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣಿಸುವವರೆಗೂ ಒತ್ತಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಎಂಜಿನ್ನಿಗೆ 15ಡಬ್ಲ್ಯೂ-40 ಎಂಬ ದರ್ಜೆಯ ಎಣ್ಣೆಗಿಂತ ದಪ್ಪನೆಯ ಎಣ್ಣೆ ಬೇಡವೇ?

ಉತ್ತರ (ಬೈಕಂಪಾಡಿ):
ತಯಾರಕರು ಸೂಚಿಸಿದ್ದು ಅದೇ ಆಗಿದ್ದರೆ ಬೇಡ. ದಪ್ಪ ಎಣ್ಣೆ ತನ್ನೊಳಗಿನ ಎಳೆತದಿಂದಲೇ ಶಕ್ತಿಯನ್ನು ತಿಂದು ಬಿಸಿಯಾಗುತ್ತದೆ. ಎಂಜಿನ್ ಚಾಲೂ ಮಾಡಿದಾಗ ಬೇರಿಂಗ್‌ಗಳನ್ನು ತಲುಪಲೂ ತಡಮಾಡುತ್ತದೆ. ಪದರ ಇನ್ನೂ ಮೂಡದ ಆ ಗಳಿಗೆಯಲ್ಲಿ ಲೋಹಕ್ಕೆ ಲೋಹ ತಾಗುತ್ತದೆ. 15ಡಬ್ಲ್ಯೂ ಎಂಬುದು ಕೊರೆಯುವ ಚಳಿಯಲ್ಲಿನ ಹರಿವನ್ನು ಸೂಚಿಸುವುದರಿಂದ ನಮ್ಮ ಕರಾವಳಿಯಲ್ಲಿ ಅದಕ್ಕೆ ಅಷ್ಟು ಮಹತ್ವವಿಲ್ಲ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಸ್ನಿಗ್ಧತೆಯನ್ನು, ಅಂದರೆ ಎಣ್ಣೆಯ ದಪ್ಪವನ್ನು ಹೇಳುವ 40 ಎಂಬ ಅಂಕಿಯನ್ನೇ ಮುಖ್ಯವಾಗಿ ನೋಡಿಕೊಳ್ಳಿ.