ಕಬಡ್ಡಿಯಲ್ಲಿ ರೈಡರ್ ಸುಮ್ಮನೆ ಹೋಗಿ ಬರೋದು ಯಾಕೆ?

ಕ್ರಿಕೆಟ್_ಹುಚ್ಚ:
ಪ್ರೊ ಕಬಡ್ಡಿ ಅರ್ಧ ಅರ್ಥ ಆಗುತ್ತೆ, ಅರ್ಧ ಆಗಲ್ಲ. ರೈಡರ್ ಹೋಗ್ತಾನೆ, ಒಂದು ಗೆರೆ ದಾಟ್ತಾನೆ, ಅಲ್ಲೇ ಕಾಲು ಕುಣಿಸಿ ವಾಪಸ್. ಎದುರು ಟೀಮೂ ಅದೇ. ಟೆಸ್ಟಲ್ಲಿ ಐದನೇ ದಿನ ಡ್ರಾಗೆ ಕುಟ್ಟಿದಂಗೆ. ಇನ್ನೊಂದು: ಎದುರಿಗೆ ಮೂರೇ ಜನ ಇದ್ರೆ ರೈಡ್ ಸುಲಭ ತಾನೇ? ಆದ್ರೆ ಘಟಾನುಘಟಿ ರೈಡರ್‌ಗಳೆಲ್ಲ ಅದೇ ಹೊತ್ತಲ್ಲಿ ಸಿಕ್ಕಿಬೀಳ್ತಾರಲ್ಲ, ಯಾಕೆ?

ಎಡ_ಕಾರ್ನರ್:
ಅವನು ದಾಟೋದು ಬಾಕ್ ಲೈನ್. ನಡುಗೆರೆಯಿಂದ 3.75 ಮೀಟರ್. ಯಾರನ್ನೂ ಮುಟ್ಟದೆ, ಅದನ್ನೂ ದಾಟದೆ ವಾಪಸ್ ಬಂದ್ರೆ ಅವನೇ ಔಟ್. ಎರಡು ಖಾಲಿ ರೈಡ್ ಆದ್ರೆ ಆ ಟೀಮಿನ ಮೂರನೇದು ಡೂ ಆರ್ ಡೈ. ಪಾಯಿಂಟ್ ತರಲಿಲ್ಲ ಅಂದ್ರೆ ರೈಡರ್ ಔಟ್, ಎದುರಿನವರಿಗೆ ಒಂದು ಪಾಯಿಂಟ್.

ಖಾಲಿ ಹೋಗೋಕೆ ಮುಖ್ಯ ಕಾರಣ ಗಡಿಯಾರ. ಒಂದು ರೈಡಿಗೆ 30 ಸೆಕೆಂಡ್. ಕೊನೇ ಮೂರು ನಿಮಿಷ ಉಳಿದಿದೆ ಅಂದ್ರೆ, ಇಬ್ಬರೂ ಪೂರ್ತಿ ಟೈಮ್ ತಿಂದ್ರೆ ಒಟ್ಟು ಆರೇ ರೈಡ್, ಎದುರು ಟೀಮಿಗೆ ಮೂರು. ಐದು ಪಾಯಿಂಟ್ ಮುಂದಿರೋನು ಯಾಕೆ ಮೈಮೇಲೆ ಬೀಳ್ತಾನೆ? ಹಾಗಾಗಿ 28ನೇ ಸೆಕೆಂಡಿಗೆ ಬರ್ತಾನೆ. 30 ದಾಟಿದ್ರೆ ಮಾತ್ರ ಕೆಟ್ಟ, ಔಟ್.

ಇನ್ನೊಂದು, ಮೇನ್ ರೈಡರ್ ಹೊರಗೆ ಕೂತಿದ್ದಾಗ ನೋಡಿ. ಉಳಿದವರು ಖಾಲಿ ಓಡಾಡ್ತಾರೆ, ಎದುರಿನವನ ಡೂ ಆರ್ ಡೈ ಬರಲಿ ಅಂತ. ಅವನು ಬಂದು ಮುಟ್ಟಲೇಬೇಕು, ಡಿಫೆಂಡರ್‌ಗಳಿಗೆ ಅವಸರ ಇಲ್ಲ. ಅವನನ್ನ ಹಿಡಿದ್ರೆ ಔಟಾಗಿ ಕೂತ ತಮ್ಮವನೊಬ್ಬ ವಾಪಸ್ ಒಳಗೆ ಬರ್ತಾನೆ. ಅಲ್ಲಿ ಹಾಳು ಮಾಡೋದು ಅಡ್ವಾನ್ಸ್ ಟ್ಯಾಕಲ್: ಕವರ್ ಜಾಗದ ಡಿಫೆಂಡರ್ ತಾಳ್ಮೆ ಕೆಟ್ಟು ಮುಂಚೆನೇ ನುಗ್ಗಿ, ಬಂದ ಪಾಯಿಂಟ್ ತಾನೇ ಕೈಗಿಟ್ಟು ಕಳಿಸ್ತಾನೆ.

ಕಡಲತಡಿ:
ಮೂರು ಜನರ ಲೆಕ್ಕ ನಾನು ಹೇಳ್ತೇನೆ ಮಾರಾಯ್ರೆ. ಮೂರು ಅಥವಾ ಕಮ್ಮಿ ಜನ ಇದ್ದಾಗ ಹಿಡಿದ್ರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ರೈಡರ್‌ಗೆ ಬೋನಸ್ (ಯಾರನ್ನೂ ಮುಟ್ಟದೆ ಬೋನಸ್ ಲೈನ್ ದಾಟಿ ತರೋ ಪಾಯಿಂಟ್) ಆಸೆಯೂ ಇಲ್ಲ, ಅದಕ್ಕೆ ಎದುರಿಗೆ ಕನಿಷ್ಠ ಆರು ಜನ ಬೇಕು. ಅಂದ್ರೆ ಅವ ಮುಟ್ಲೇಬೇಕು, ಮುಟ್ಲಿಕ್ಕೆ ಆಳಕ್ಕೆ ಹೋಗ್ಬೇಕು. ಡಿಫೆಂಡರ್‌ಗಳು ಹಿಂದಿನ ಗೆರೆಗೆ ಅಂಟಿಕೊಂಡು ನಿಂತಿರ್ತಾರೆ. ನಡುಗೆರೆಯಿಂದ ಅಲ್ಲಿಗೆ 6.5 ಮೀಟರ್, ವಾಪಸ್ ಓಡ್ಲಿಕ್ಕೂ ಅಷ್ಟೇ ಉಂಟು. ಅವ ಒಂದು ಕಾರ್ನರ್ ಕಡೆ ಕೈ ಚಾಚಿದ ಹೊತ್ತಿಗೆ ಬೆನ್ನು ಇನ್ನೊಬ್ಬನ ಕಡೆ ತಿರುಗಿರ್ತದೆ. ಆಂಕಲ್ ಹೋಲ್ಡ್, ಅಂದ್ರೆ ಪಾದದ ಗಂಟಿನ ಹಿಡಿತ, ಬೀಳೋದು ಅಲ್ಲಿ.

ಆದ್ರೆ ಪಾಯಿಂಟ್ ಎರಡಾದ್ರೂ ಒಳಗೆ ಬರೋದು ಒಬ್ಬನೇ. ಮೂವರಿದ್ದವರು ನಾಲ್ವರಾದ್ರು ಅಂದ್ರೆ ಮುಂದಿನ ರೈಡಿಗೆ ಸೂಪರ್ ಟ್ಯಾಕಲ್ ಇಲ್ಲ.

ಎಡ_ಕಾರ್ನರ್:
ಬೋನಸ್‌ಗೂ ಹಂಗೇ. ಪಾಯಿಂಟ್ ಸಿಗುತ್ತೆ, ಯಾರೂ ಒಳಗೆ ಬರಲ್ಲ. ಬೋನಸ್ ಲೈನ್ ಬಾಕ್ ಲೈನಿಂದ ಇನ್ನೊಂದು ಮೀಟರ್ ಆಚೆ. ಒಂದು ಕಾಲು ಗೆರೆ ಆಚೆ ಊರಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ರಿವ್ಯೂನಲ್ಲಿ ಮತ್ತೆ ಮತ್ತೆ ಹಿಂದಿನ ಕಾಲಿನ ಹೆಬ್ಬೆರಳನ್ನೇ ತೋರಿಸೋದು ಅದಕ್ಕೆ. ಮ್ಯಾಟಿಗೆ ತಾಗಿದ್ರೆ ಬೋನಸ್ ಇಲ್ಲ.

ಕ್ರಿಕೆಟ್_ಹುಚ್ಚ:
ಓಹೋ, ಹಂಗಾದ್ರೆ ಸ್ಕೋರಿಗಿಂತ ಮ್ಯಾಟ್ ಮೇಲೆ ಎಷ್ಟು ಜನ ಇದ್ದಾರೆ ಅಂತ ನೋಡ್ಬೇಕು. ಬದಿಯ ಪಟ್ಟಿ ಯಾಕೆ? ಒಂದ್ಸಲ ಓಡಬಹುದು, ಒಂದ್ಸಲ ಕಾಲಿಟ್ರೆ ಔಟ್ ಅಂತಾರೆ.

ಮ್ಯಾಟ್_ಮಣ್ಣು:
ಅದು ಲಾಬಿ, ಎರಡೂ ಬದಿಗೆ ಒಂದೊಂದು ಮೀಟರ್. ರೈಡರ್ ಮತ್ತು ಡಿಫೆಂಡರ್ ಒಬ್ಬರಿಗೊಬ್ಬರು ತಾಗಿದ ಮೇಲಷ್ಟೇ ಅದು ಅಂಗಳದ ಭಾಗ. ತಾಗದೆ ಕಾಲಿಟ್ಟವನು ಔಟ್. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ರಗಳೆ ಇದೇ. ಭಾರತ-ಇರಾನ್ 28-28. ಪವನ್ ಸೆಹ್ರಾವತ್ ಡೂ ಆರ್ ಡೈಗೆ ಹೋಗಿ ಯಾರಿಗೂ ತಾಗದೆ ಲಾಬಿ ತುಳಿದ್ರು, ಇರಾನಿನ ಡಿಫೆಂಡರ್‌ಗಳು ಬೆನ್ನಟ್ಟಿ ಬಂದು ಹಿಡಿದ್ರು. ಹಳೇ ನಿಯಮದಲ್ಲಿ ಬೆನ್ನಟ್ಟಿದವರೂ ಔಟ್. ಹೊಸದರಲ್ಲಿ ರೈಡರ್ ಲಾಬಿ ತುಳಿದಲ್ಲಿಗೇ ರೈಡ್ ಮುಗೀತು, ಅವನೊಬ್ಬನೇ ಔಟ್. ಯಾವ ನಿಯಮ ಅಂತ ಜಗಳ, ಆಟ ನಿಂತೇ ಹೋಯ್ತು. ಕೊನೆಗೆ ಭಾರತ 33-29ಕ್ಕೆ ಗೆದ್ದಿತು.

ಒಂದು ತಕರಾರು: ಡೂ ಆರ್ ಡೈ ಬಂದು ಆಟ ಚುರುಕಾಯ್ತು ಅಂತಾರೆ, ನಾನು ಒಪ್ಪಲ್ಲ. ಮೊದಲೆರಡು ರೈಡ್ ಖಾಲಿ ಹೋಗೋಕೆ ಪರವಾನಗಿ ಕೊಟ್ಟಂಗಾಗಿದೆ.

ಕಡಲತಡಿ:
ಅದೂ ಇಲ್ಲದಿದ್ರೆ ನಲವತ್ತು ನಿಮಿಷವೂ ಖಾಲಿ ಹೋಗ್ತಿದ್ರು ಸರ್! ಪ್ರೊ ಕಬಡ್ಡಿ ಆರನೇ ಸೀಸನ್ ಫೈನಲ್ ನೋಡಿ. ಮೊದಲರ್ಧಕ್ಕೆ ಬೆಂಗಳೂರು ಬುಲ್ಸ್ ಏಳು ಪಾಯಿಂಟ್ ಹಿಂದೆ, ಕೊನೆಗೆ ಗುಜರಾತ್ ಮೇಲೆ 38-33. ಪವನ್ ಒಬ್ಬರದ್ದೇ 22. ಮುಂದಿದ್ದವರಿಗೆ ಟೈಮ್ ತಿನ್ಲಿಕ್ಕೆ ಮಿತಿ ಇರೋದ್ರಿಂದಲೇ ಅಂಥದ್ದು ಸಾಧ್ಯ.

ಮ್ಯಾಟ್_ಮಣ್ಣು:
ಆ ದಿನ ಪವನ್ ಇದ್ದ ಫಾರ್ಮಿಗೆ ಯಾವ ನಿಯಮ ಇದ್ರೂ ಒಂದೇ ಬಿಡಿ.