ಡೆಬಿಯನ್ ಪ್ಯಾಕೇಜ್: ಡಿಬಗ್ ಮಾಹಿತಿಯನ್ನು ಬೈನರಿಯಲ್ಲೇ ಉಳಿಸಬೇಕೇ, ಬೇರೆ ಇಡಬೇಕೇ?

ಪ್ರಶ್ನೆ

ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಲು ಸಿ ಭಾಷೆಯಲ್ಲಿ ಬರೆದ ಚಿಕ್ಕ ತಂತ್ರಾಂಶವೊಂದನ್ನು ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಗಾಗಿ ಪ್ಯಾಕೇಜ್ ಮಾಡಿದ್ದೇನೆ. ಸ್ನೇಹಿತರೊಬ್ಬರ ಗಣಕದಲ್ಲಿ, ಒತ್ತಕ್ಷರಗಳು ಹೆಚ್ಚಿರುವ ಕಡತವೊಂದನ್ನು ತೆರೆದೊಡನೆ ಅದು ಸೆಗ್ಮೆಂಟೇಶನ್ ಫಾಲ್ಟ್ ಎಂದು ನಿಂತುಹೋಗುತ್ತಿದೆ. ಅವರು ಕಳುಹಿಸಿದ ಕೋರ್ ಕಡತವನ್ನು (ಕುಸಿದ ಕ್ಷಣದ ಮೆಮೊರಿಯ ನಕಲು) ಜಿಡಿಬಿ ಎಂಬ ಡಿಬಗರ್‌ನಲ್ಲಿ ತೆರೆದರೆ, ಬ್ಯಾಕ್‌ಟ್ರೇಸ್‌ನಲ್ಲಿ (ಕುಸಿಯುವಾಗ ನಡೆಯುತ್ತಿದ್ದ ಫಂಕ್ಷನ್ ಕರೆಗಳ ಪಟ್ಟಿ) ಫಂಕ್ಷನ್‌ಗಳ ಹೆಸರಿರಬೇಕಾದ ಜಾಗದಲ್ಲಿ ಎರಡೆರಡು ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಕಾಣುತ್ತವೆ. ಸ್ಟ್ರಿಪ್ ಮಾಡುವುದನ್ನೇ, ಅಂದರೆ ಬೈನರಿಯಿಂದ (ಕಂಪೈಲ್ ಆದ ಕಡತ) ಫಂಕ್ಷನ್‌ಗಳ ಹೆಸರು, ಸಾಲಿನ ಸಂಖ್ಯೆ ಮುಂತಾದ ಡಿಬಗ್ ಮಾಹಿತಿಯನ್ನು ತೆಗೆದುಹಾಕುವುದನ್ನೇ ಕೈಬಿಡಲೇ, ಅಥವಾ ಡಿಬಗ್ ಮಾಡುವುದಕ್ಕೆಂದೇ ಇನ್ನೊಂದು ಬಿಲ್ಡ್ ಮಾಡಿ ಕಳುಹಿಸಲೇ?

ಉತ್ತರ 1

ಎರಡೂ ಬೇಡ. ತಂತ್ರಾಂಶವನ್ನು ಯಾವಾಗಲೂ ಡಿಬಗ್ ಮಾಹಿತಿಯನ್ನು ಸೇರಿಸುವ -ಜಿ ಆಯ್ಕೆಯೊಂದಿಗೇ ಕಂಪೈಲ್ ಮಾಡಿ, ಬಳಕೆದಾರರಿಗೆ ಹೋಗುವ ಬೈನರಿಯನ್ನು ಆಮೇಲೆ ಸ್ಟ್ರಿಪ್ ಮಾಡಬೇಕೆಂಬುದು ಡೆಬಿಯನ್ ನೀತಿ. ಹೀಗೆ ತೆಗೆದ ಮಾಹಿತಿಯನ್ನು ಎಸೆಯಬೇಕಾಗಿಲ್ಲ. 2015ರ ಕೊನೆಯಿಂದ ಡೆಬ್‌ಹೆಲ್ಪರ್‌ನ (ಪ್ಯಾಕೇಜ್ ಕಟ್ಟುವ ಉಪಕರಣಗಳ ಗುಂಪು) ಡಿಎಚ್_ಸ್ಟ್ರಿಪ್ ಅದನ್ನು ‘-ಡಿಬಿಜಿಸಿಮ್’ ಎಂದು ಕೊನೆಗೊಳ್ಳುವ ಪ್ರತ್ಯೇಕ ಪ್ಯಾಕೇಜಿನಲ್ಲಿ ತಾನಾಗಿಯೇ ಇಡುತ್ತದೆ. ಬೈನರಿಗೂ ಅದರ ಡಿಬಗ್ ಕಡತಕ್ಕೂ ಇರುವ ನಂಟು ಬಿಲ್ಡ್ ಐಡಿ, ಅಂದರೆ ಸಾಮಾನ್ಯವಾಗಿ 40 ಹೆಕ್ಸಾಡೆಸಿಮಲ್ ಅಂಕಿಗಳ ಗುರುತು. ಅದರ ಮೊದಲ ಎರಡು ಅಂಕಿಗಳು ಫೋಲ್ಡರಿನ ಹೆಸರಾಗುತ್ತವೆ, ಉಳಿದ 38 ಕಡತದ ಹೆಸರಾಗುತ್ತವೆ. ಜಿಡಿಬಿ ಹುಡುಕುವುದು ಈ ಗುರುತನ್ನೇ.

ನಿಮಗೆ ಆ ಪ್ಯಾಕೇಜ್ ಸಿಕ್ಕಿಲ್ಲವೆಂದರೆ ಮೊದಲು ಬಿಲ್ಡ್‌ನ ಸೂಚನೆಗಳಿರುವ ಮೇಕ್‌ಫೈಲ್ ತೆರೆದು ನೋಡಿ. ಅಲ್ಲಿ ‘ಇನ್‌ಸ್ಟಾಲ್ -ಎಸ್’ (ಸ್ಥಾಪಿಸುವಾಗಲೇ ಸ್ಟ್ರಿಪ್ ಮಾಡುವ ಆಜ್ಞೆ) ಎಂದು ನೇರವಾಗಿ ಬರೆದಿದ್ದರೆ, ಡಿಎಚ್_ಸ್ಟ್ರಿಪ್ ಕೈಗೆ ಬರುವ ಮೊದಲೇ ಮಾಹಿತಿಯೆಲ್ಲ ಹೋಗಿರುತ್ತದೆ. ಕಂಪೈಲರ್ ಆಯ್ಕೆಗಳಿರುವ ಸಿಫ್ಲ್ಯಾಗ್ಸ್‌ಗೆ ಅಲ್ಲಿಯೇ ಬೇರೆ ಬೆಲೆ ಕೊಟ್ಟಿದ್ದರೂ ಡಿಪಿಕೆಜಿ (ಡೆಬಿಯನ್ನಿನ ಪ್ಯಾಕೇಜ್ ವ್ಯವಸ್ಥೆ) ಒದಗಿಸುವ -ಜಿ ಮತ್ತು -ಓ2 (ಕೋಡಿನ ವೇಗ ಹೆಚ್ಚಿಸುವ ಆಪ್ಟಿಮೈಸೇಶನ್) ಆಯ್ಕೆಗಳು ಕಂಪೈಲರನ್ನು ತಲುಪುವುದಿಲ್ಲ.

ಉತ್ತರ 2

ಇನ್ನೊಂದು ಬಿಲ್ಡ್ ಏಕೆ ಬೇಡವೆಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲವು ವರ್ಷಗಳ ಹಿಂದೆ ಇಂಥದೇ ದೂರು ಬಂದಾಗ ‘ನೋಆಪ್ಟ್ ನೋಸ್ಟ್ರಿಪ್’ (ಆಪ್ಟಿಮೈಸೇಶನ್ ಬೇಡ, ಸ್ಟ್ರಿಪ್ ಬೇಡ) ಆಯ್ಕೆಗಳಿಂದ ಬಿಲ್ಡ್ ಮಾಡಿದ ಬೈನರಿಯನ್ನು ಬಳಕೆದಾರರಿಗೆ ಕಳುಹಿಸಿದೆ. ಆಪ್ಟಿಮೈಸೇಶನ್ ಇಲ್ಲದ್ದರಿಂದ ಮೆಮೊರಿಯ ವಿನ್ಯಾಸವೇ ಬದಲಾಗಿ ದೋಷ ಮರೆಯಾಯಿತು. ಎರಡು ವಾರ ಅದನ್ನೇ ಬೆನ್ನಟ್ಟಿ ಏನೂ ಸಿಗಲಿಲ್ಲ. ಆ ಆಯ್ಕೆಗಳು ನಮ್ಮ ಗಣಕದಲ್ಲಿ ಕೋಡನ್ನು ಸಾಲುಸಾಲಾಗಿ ನೋಡುವಾಗ ಬಹಳ ಉಪಯುಕ್ತ, ಆದರೆ ಇನ್ನೊಬ್ಬರಲ್ಲಿ ಕುಸಿದ ಬೈನರಿಯ ವಿಷಯವನ್ನು ಆ ಬೈನರಿಯೊಂದಿಗೆ ಹುಟ್ಟಿದ ಡಿಬಗ್ ಕಡತವೇ ಹೇಳಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೇಕ್‌ಫೈಲಿನ ಕೊನೆಯಲ್ಲಿ ‘ಇನ್‌ಸ್ಟಾಲ್ -ಎಸ್’ ಇತ್ತು. ಅದನ್ನು ತೆಗೆದು ಮತ್ತೆ ಬಿಲ್ಡ್ ಮಾಡಿದಾಗ ಡಿಬಿಜಿಸಿಮ್ ಪ್ಯಾಕೇಜ್ ಬಂತು. ಹಳೆಯ ಕೋರ್ ಕಡತ ಮಾತ್ರ ಹಾಗೆಯೇ ಉಳಿದಿದೆ, ಏಕೆಂದರೆ ಅದರ ಬಿಲ್ಡ್ ಐಡಿ ಬೇರೆ. ಸ್ನೇಹಿತರು ಹೊಸ ಆವೃತ್ತಿಯನ್ನು ಹಾಕಿಕೊಂಡು ಅದೇ ಕಡತವನ್ನು ತೆರೆದಾಗ ಅದು ಮತ್ತೆ ಕುಸಿಯಿತು, ಈ ಬಾರಿ ಫಂಕ್ಷನ್‌ನ ಹೆಸರೂ ಸಾಲಿನ ಸಂಖ್ಯೆಯೂ ಸಿಕ್ಕಿದವು: ಮೂರು ವ್ಯಂಜನಗಳ ಸಂಯುಕ್ತಾಕ್ಷರ ಬಂದಾಗ ಬಫರ್ ಒಂದು ಬೈಟ್ ಸಾಲುತ್ತಿರಲಿಲ್ಲ. ಬ್ಯಾಕ್‌ಟ್ರೇಸ್‌ನಲ್ಲಿ ಗ್ಲಿಬ್‌ಸಿಗೆ (ವ್ಯವಸ್ಥೆಯ ಮೂಲ ಸಿ ಲೈಬ್ರರಿ) ಸೇರಿದ ಸಾಲುಗಳು ಮಾತ್ರ ಇನ್ನೂ ಅಸ್ಪಷ್ಟವಾಗಿವೆ.

ಉತ್ತರ 1

ಅವುಗಳಿಗೆ ಡಿಬಗ್ ಕಡತಗಳನ್ನು ಜಾಲದ ಮೂಲಕ ಒದಗಿಸುವ ಡಿಬಗ್‌ಇನ್ಫೋಡಿ ಸೇವೆ ಸಾಕು. ಡೆಬಿಯನ್ನಿನ ಸರ್ವರ್ ವಿಳಾಸವನ್ನು ಡಿಬಗ್‌ಇನ್ಫೋಡಿ_ಯುಆರ್‌ಎಲ್ಸ್ ಎಂಬ ಪರಿಸರ ಚರದಲ್ಲಿ ಕೊಟ್ಟರೆ, ಬೇಕಾದ ಡಿಬಗ್ ಕಡತವನ್ನು ಜಿಡಿಬಿ ಬಿಲ್ಡ್ ಐಡಿಯ ಆಧಾರದ ಮೇಲೆ ತಾನೇ ತರಿಸಿಕೊಳ್ಳುತ್ತದೆ. ನಿಮ್ಮ ಪ್ಯಾಕೇಜ್ ಡೆಬಿಯನ್ ಭಂಡಾರದಲ್ಲಿ ಇಲ್ಲದಿರುವುದರಿಂದ ಅದರ ಮಾಹಿತಿ ಆ ಸರ್ವರಿನಲ್ಲಿ ಸಿಗದು. ಆದ್ದರಿಂದ ನೀವು ಬಿಡುಗಡೆ ಮಾಡುವ ಪ್ರತಿ ಆವೃತ್ತಿಯ ಡಿಬಿಜಿಸಿಮ್ ಕಡತವನ್ನೂ ಮೂಲ ಪ್ಯಾಕೇಜಿನ ಪಕ್ಕದಲ್ಲೇ ಜೋಪಾನವಾಗಿ ಇಟ್ಟುಕೊಳ್ಳಿ.