ಅಪ್‌ಡೇಟ್: ದೂತಾವಾಸದ ಬ್ರೀಫಿಂಗ್‌ಗೆ ಹೋಗಿ ಬಂದೆ

ಯುರೋಪಿನ ಒಂದು ದೇಶದ ದೂತಾವಾಸ ಬೆಂಗಳೂರಿನ ವಿದ್ಯಾರ್ಥಿಗಳಿಗೆ ಬ್ರೀಫಿಂಗ್ ಇಟ್ಟುಕೊಂಡಿದೆ, ಗಾಜಾ ವಿಷಯದಲ್ಲಿ ಅವರ ನೀತಿ ನನಗೆ ಒಪ್ಪಿಗೆ ಇಲ್ಲ, ಹೋಗಬೇಕಾ ಬೇಡವಾ ಅಂತ ಕೇಳಿದ್ದೆ. ಓದಿಕೊಂಡು ಹೋಗಿ ಅಂದಿರಿ. ಹೋದೆ.

ಬಾಗಿಲಲ್ಲೇ ಫೋನ್ ಇಸ್ಕೊಂಡು ಟೋಕನ್ ಕೊಟ್ಟರು. ಚಾಥಮ್ ಹೌಸ್ ನಿಯಮ ಅಂತ ಮೊದಲೇ ಹೇಳಿದರು. ಕೇಳಿದ್ದನ್ನು ಹೊರಗೆ ಹೇಳಬಹುದು, ಯಾರು ಹೇಳಿದರು ಅಂತ ಹೇಳುವಂತಿಲ್ಲ. ಅದಕ್ಕೇ ದೇಶದ ಹೆಸರು ಬರೆಯುತ್ತಿಲ್ಲ.

ಭಾಷಣ ಬೇಡ, ಒಂದು ಗಟ್ಟಿ ಪ್ರಶ್ನೆ ಕೇಳಿ ಅಂದಿದ್ದಿರಲ್ಲ, ಅದೇ ಕೈ ಹಿಡಿಯಿತು. "2023ರ ಡಿಸೆಂಬರ್ 12ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಭಾರತವೂ ಸೇರಿ 153 ದೇಶಗಳು ಕದನ ವಿರಾಮದ ಪರ ಮತ ಹಾಕಿದವು. 10 ವಿರುದ್ಧ. ತಟಸ್ಥವಾಗಿದ್ದ 23ರಲ್ಲಿ ನಿಮ್ಮದೂ ಒಂದು. ಯಾಕೆ ಸರ್?"

ನಿರ್ಣಯದಲ್ಲಿ ಹಮಾಸ್ ದಾಳಿಯ ಖಂಡನೆ ಇರಲಿಲ್ಲ ಅಂತ ದೂತಾವಾಸದ ಅಧಿಕಾರಿ ಉತ್ತರ ಕೊಟ್ಟರು. ಹಾಗಂತ ನಾಗರಿಕರನ್ನು ಕಾಪಾಡಿ ಅನ್ನೋ ಮಾತಿಗೂ ಕೈ ಎತ್ತಬಾರದಿತ್ತಾ ಅಂದೆ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತರು. "ನಮ್ಮ ದೇಶದೊಳಗೂ ಇದರ ಬಗ್ಗೆ ಜಗಳ ಇದೆ" ಅಂದರು. ಅಷ್ಟು ನೇರ ಮಾತು ನಾನು ನಿರೀಕ್ಷಿಸಿರಲಿಲ್ಲ.

ನನ್ನ ನಿಲುವು ಒಂದಿಷ್ಟೂ ಬದಲಾಗಿಲ್ಲ. ಆದರೆ ಅವರ ವಾದವನ್ನು ಅವರ ಬಾಯಲ್ಲೇ ಕೇಳಿದ್ದು ಒಳ್ಳೆಯದಾಯಿತು. ಬಹಿಷ್ಕರಿಸಿ ಹೊರಗೆ ನಿಂತಿದ್ದರೆ ಇದು ಸಿಗುತ್ತಿರಲಿಲ್ಲ ಅಲ್ವಾ.

ಪಕ್ಕದಲ್ಲಿದ್ದ ಹುಡುಗಿ ಒಂದು ಮಾತು ನೆನಪಿಸಿದಳು. ಅದೇ ವರ್ಷ ಅಕ್ಟೋಬರ್ 27ರಂದು ಅದೇ ಸಭೆಯಲ್ಲಿ ಗಾಜಾ ಬಗ್ಗೆ ನಡೆದ ಮತದಾನದಲ್ಲಿ ಭಾರತವೂ ತಟಸ್ಥವಾಗಿತ್ತು. ನಿಜ. ಅದು ಯಾಕೆ ಅಂತ ಕೇಳಿ ನಮ್ಮ ಸಂಸದರಿಗೆ ಇಬ್ಬರೂ ಸೇರಿ ಪತ್ರ ಬರೆಯುತ್ತಿದ್ದೇವೆ.